ಅಳತೆ ನನ್ನದೇ ಇರಲಿ

ಹೊಸ ಪಠ್ಯಪುಸ್ತಕಗಳ ಕಟ್ಟು ಶಾಲೆಗೆ ಬಂದ ದಿನ ಭಾಷೆಯ ಮೇಷ್ಟರು ಶಿಕ್ಷಕರ ಕೊಠಡಿಯಲ್ಲಿ ಕೂತು ಹುರಿ ಬಿಚ್ಚಿ, ಮೇಲಿನ ಪ್ರತಿಯನ್ನು ತೆಗೆದು, ಪದ್ಯಭಾಗವನ್ನು ತಿರುವಿದರು. ಕೊನೆಯ ಪದ್ಯದ ಕೆಳಗೆ ಅವರ ಅಣ್ಣನ ಹೆಸರಿತ್ತು. ಅಣ್ಣ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಮೇಷ್ಟರಿಗೆ ಹೆಮ್ಮೆಯಾಗಲಿಲ್ಲ, ದುಃಖವೂ ಉಕ್ಕಲಿಲ್ಲ. ಅಣ್ಣ ಹೋದಂದಿನಿಂದ ಅವರ ಒಳಗಿನ ಒಂದು ಭಾಗ, ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ, ಜೋಮು ಹಿಡಿದಿತ್ತು. ಚಿವುಟಿಕೊಂಡರೆ ಬೇರೆ ಯಾರದೋ ಚರ್ಮವನ್ನು ಚಿವುಟಿದಂತಿರುತ್ತಿತ್ತು. ಅವರು ಕನ್ನಡಕವನ್ನು ಒರೆಸಿಕೊಂಡು ಓದಿದರು.

ತಮ್ಮನ ಅಂಗಿ

ಮೊದಲು ಹುಟ್ಟಿದವನು ನಾನು,
ಅಂಗಿ ಮೊದಲು ಅವನಿಗೆ.
ಅವನ ಮೈ ಮುಗಿಸಿ ಬಿಟ್ಟದ್ದು
ಅಪ್ಪನ ಕತ್ತರಿ ದಾಟಿ ನನಗೆ.

ತೋಳು ಗಿಡ್ಡ ಮಾಡಿದರು, ಪಕ್ಕೆ ಹಿಡಿದರು,
ಕಾಲರು ತಿರುವಿ ಹೊಲಿದರು.
ಬೆವರನ್ನು ಮಾತ್ರ ಬಿಚ್ಚಲಾಗಲಿಲ್ಲ:
ನನಗಿಂತ ಮೊದಲೇ ಅವನಿದ್ದ ಒಳಗೆ.

ಅವನು ಜ್ವರದಲ್ಲಿ ಮಲಗಿದಾಗ
ಬಾಗಿಲಲ್ಲಿ ನಿಂತು ನಾನೂ ಬೇಡಿದೆ.
ಏನೆಂದು ಯಾರೂ ಕೇಳಲಿಲ್ಲ.
ಹಸಿರು ಅಂಗಿ ಇನ್ನೂ ಹೊಸದಿತ್ತು.

ಅವನು ಎದ್ದು ಕೂತ. ಅಂಗಿ ಹಳೆಯದಾಯಿತು.
ಆಮೇಲೆ ನನಗೆ ಬಂತು.

ಕೊನೆಯ ದಿನಕ್ಕಾದರೂ ಒಂದು ಹೊಸದು ಹೊಲಿ, ಅಪ್ಪ.
ಅಳತೆ ನನ್ನದೇ ಇರಲಿ.
ಅವನದನ್ನು ತಂದು ಹಿಡಿಯಬೇಡ ನನ್ನ ಮೈಗೆ.
ಮಣ್ಣಿಗಾದರೂ ಮೊದಲನೆಯವನಾಗಿ ಹೋಗುತ್ತೇನೆ.

ಓದಿ ಮುಗಿಸಿದ ಮೇಷ್ಟರು ಪುಸ್ತಕವನ್ನು ಮುಚ್ಚಿದರು. ಹುರಿಯನ್ನು ಉಂಡೆ ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟರು. ಮತ್ತೆ ಪುಸ್ತಕ ತೆರೆದು, ಪದ್ಯವು ಅಲ್ಲಿಯೇ ಇರುವುದನ್ನು ನೋಡಿದರು.

"ಏನ್ರೀ, ನಿಮ್ಮಣ್ಣ ಅಂತೂ ಪಾಠವೇ ಆಗ್ಬಿಟ್ರಲ್ಲ!" ಎನ್ನುತ್ತ ಹೆಡ್‌ಮಾಸ್ತರು ಒಳಗೆ ಬಂದರು. "ನಾವು ಪಾಠ ಮಾಡಿ ಮಾಡಿ ಸವೆದದ್ದೇ ಬಂತು. ತಗೊಳ್ಳಿ, ಶಿಕ್ಷಕರ ಕೈಪಿಡಿಯೂ ಬಂದಿದೆ. ಎಷ್ಟು ಚೆನ್ನಾಗಿ ಬರೆದಿದಾರೆ ಅಂತೀರಿ, ಕಣ್ಣಲ್ಲಿ ನೀರು ಬಂತು."

ಕೈಪಿಡಿಯಲ್ಲಿ ಹೀಗಿತ್ತು: "ಬಡತನದ ನಡುವೆಯೂ ಒಂದೇ ಅಂಗಿಯನ್ನು ಹಂಚಿಕೊಂಡು ಬೆಳೆದ ಸೋದರರ ಅಕ್ಕರೆಯನ್ನು ಈ ಪದ್ಯವು ಚಿತ್ರಿಸುತ್ತದೆ. ಜ್ವರದಿಂದ ಬಳಲುವ ತಮ್ಮನಿಗಾಗಿ ಅಣ್ಣನು ಬಾಗಿಲಲ್ಲೇ ನಿಂತು ಪ್ರಾರ್ಥಿಸುವ ದೃಶ್ಯವು ಮನಕರಗಿಸುವಂಥದು. ಇದ್ದುದರಲ್ಲಿ ತೃಪ್ತಿಪಡಬೇಕೆಂಬುದೇ ಇದರ ನೀತಿ."

ಪದ್ಯವೊಂದು ಅರ್ಥವಾಗದೆ ಎಡವುವುದು ಕ್ಷಮೆಗೆ ಅರ್ಹವಾದ ದೋಷ. ಆದರೆ ಅರ್ಥವಾದ ಮೇಲೂ, ಅದು ನಮಗೆ ಹಿತವಲ್ಲವೆಂಬ ಒಂದೇ ಕಾರಣಕ್ಕೆ ಅದರ ಮೈಗೆ ಸುಣ್ಣ ಬಳಿದು ಮಕ್ಕಳ ಮುಂದೆ ನಿಲ್ಲಿಸುವುದು ಅನ್ಯಾಯ. ಸತ್ತವನಿಗೆ ಉಳಿಯುವುದು ಅವನ ಮಾತೊಂದೇ. ಅದನ್ನೂ ಬದುಕಿರುವವರು ತಮ್ಮ ಅಳತೆಗೆ ಕತ್ತರಿಸಿಕೊಂಡರೆ ಅದಕ್ಕಿಂತ ನೀಚವಾದ ಕಳವು ಬೇರೊಂದಿಲ್ಲ. ಮೇಷ್ಟರು ತಮ್ಮ ವೃತ್ತಿಜೀವನದುದ್ದಕ್ಕೂ ನಂಬಿದ್ದು ಇದನ್ನೇ. ಹುಡುಗರು ಯಾವ ಅರ್ಥ ಹೇಳಿದರೂ ಅವರ ಪ್ರಶ್ನೆ ಒಂದೇ: "ಪದ್ಯದಲ್ಲಿ ಎಲ್ಲಿದೆ?" ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು, ತೋರಿಸಲಾಗದಿದ್ದರೆ ಕೂರಬೇಕು. ಹೀಗಾಗಿ ಅವರಿಗೆ "ಎಲ್ಲಿದೆ ಮೇಷ್ಟ್ರು" ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಅವರ ಚಪ್ಪಲಿ ಕಾಣೆಯಾದ ದಿನ ಇಡೀ ತರಗತಿ ಒಂದೇ ಕಂಠದಲ್ಲಿ "ಎಲ್ಲಿದೆ ಸರ್?" ಎಂದು ಕೂಗಿದ್ದೂ ಉಂಟು.

ಅವರಿಗೆ ಇನ್ನೊಂದು ವಾಡಿಕೆಯಿತ್ತು. ಸೋದರಪ್ರೇಮದ ಮಾತು ಬಂದಾಗಲೆಲ್ಲ, ಪ್ರತಿ ವರ್ಷವೂ, ಪ್ರತಿ ತರಗತಿಗೂ, ತಮ್ಮ ಬಾಲ್ಯದ ಒಂದು ಕಥೆಯನ್ನು ಹೇಳುತ್ತಿದ್ದರು. "ನನಗೆ ಒಮ್ಮೆ ವಿಪರೀತ ಜ್ವರ ಬಂದಿತ್ತು. ಬದುಕುವ ಆಸೆ ಇರಲಿಲ್ಲ. ಕಣ್ಣು ಬಿಟ್ಟಾಗಲೆಲ್ಲ ನನ್ನ ಅಣ್ಣ ಬಾಗಿಲಲ್ಲಿ ನಿಂತಿರುತ್ತಿದ್ದ. ಊಟಕ್ಕೆ ಕರೆದರೂ ಹೋಗುತ್ತಿರಲಿಲ್ಲ. ಮಕ್ಕಳೇ, ಅಣ್ಣ ಎಂದರೆ ಅದು." ಹುಡುಗರಿಗೆ ಈ ಕಥೆ ಬಾಯಿಪಾಠವಾಗಿತ್ತು.

ಮೇಷ್ಟರು ಕೈಪಿಡಿಯನ್ನು ಚೀಲಕ್ಕೆ ಹಾಕಿಕೊಂಡರು.

"ಕೈಪಿಡಿಯಲ್ಲಿ ಇದ್ದದ್ದನ್ನೇ ಹೇಳಿಬಿಡಿ, ಆಯ್ತಾ?" ಎಂದರು ಹೆಡ್‌ಮಾಸ್ತರು. "ಪರೀಕ್ಷೆಯಲ್ಲಿ ಅದಕ್ಕೇ ಅಂಕ. ನೀವು 'ಎಲ್ಲಿದೆ, ಎಲ್ಲಿದೆ' ಅಂತ ಹುಡುಕೋಕೆ ಹೋದ್ರೆ ಹುಡುಗರ ಅಂಕ ಎಲ್ಲಿದೆ ಅಂತ ನಾನು ಹುಡುಕಬೇಕಾಗತ್ತೆ."

ಮೇಷ್ಟರ ಮನೆಯ ಮುಂದಿನ ಕೋಣೆಯೇ ಅಪ್ಪನ ದರ್ಜಿ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಗೋಡೆಗೆ ಬಟ್ಟೆಯ ಥಾನುಗಳ ಕಪಾಟು, ಮೂಲೆಯಲ್ಲಿ ಇಸ್ತ್ರಿ ಮೇಜು. ಬಾಗಿಲ ಹಿಂದೆ ಒಂದು ದಪ್ಪ ಮೊಳೆ. ಹೊಲಿಸಲು ಕೊಟ್ಟು ಒಯ್ಯದೆ ಬಿಟ್ಟವರ ಬಟ್ಟೆಗಳು ಅಲ್ಲಿ ತೂಗುತ್ತಿದ್ದವು.

ಎಲ್ಲ ಮನೆಗಳಲ್ಲೂ ಬಟ್ಟೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಅಣ್ಣನಿಗೆ ಗಿಡ್ಡವಾದದ್ದು ತಮ್ಮನಿಗೆ. ಈ ಮನೆಯಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ದೊಡ್ಡವನು ಹುಟ್ಟಿನಿಂದ ಎದೆಯ ಕಾಯಿಲೆಯವನು, ಕಡ್ಡಿಪೈಲ್ವಾನ. ಚಿಕ್ಕವನೋ ನೋಡನೋಡುತ್ತ ಬಾಗಿಲ ಎತ್ತರಕ್ಕೆ ಬೆಳೆದವನು. "ಬೆಳೆಯೋನಿಗೆ ಹೊಸದು ಹೊಲೀಬೇಕು. ಬೆಳೆಯದೋನಿಗೆ ಅದನ್ನೇ ಚಿಕ್ಕದು ಮಾಡಿದ್ರೆ ವರ್ಷಗಟ್ಟಲೆ ಬರತ್ತೆ," ಎನ್ನುತ್ತಿದ್ದ ದರ್ಜಿ. ಆತನ ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಿದ್ದ ಕಡೆಯಲ್ಲೆಲ್ಲ ನ್ಯಾಯವೂ ಇದೆಯೆಂದು ನಂಬುವ ಮನೆಗಳು ಬಹಳ. ಅಂಥ ಮನೆಗಳಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ; ಒಬ್ಬನನ್ನು ಮಾತ್ರ ಮಿಗಿಸಿದ ಬಟ್ಟೆಯಿಂದ, ಮಿಗಿಸಿದ ಮಾತಿನಿಂದ, ಮಿಗಿಸಿದ ಹೊತ್ತಿನಿಂದ ಸಾಕುತ್ತಾರೆ. ಅವನು ಮುಖ ಸಿಂಡರಿಸಿದರೆ, "ನಿನಗೇನು ಕಡಿಮೆ ಮಾಡಿದ್ದೀವಿ?" ಎಂದು ಪ್ರಾಮಾಣಿಕವಾಗಿಯೇ ಕೇಳುತ್ತಾರೆ.

ಇಬ್ಬರೂ ಓದಿನಲ್ಲಿ ಪಾಸಾದರು. ಶಿಕ್ಷಕ ತರಬೇತಿಯ ಸಂದರ್ಶನಕ್ಕೆ ಕೋಟು ಬೇಕಾಗಿತ್ತು. ಯಾವನೋ ಗಿರಾಕಿ ಒಯ್ಯದೆ ಬಿಟ್ಟ ಕೋಟೊಂದು ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅದು ಚಿಕ್ಕವನ ಮೈಗೆ ಹೇಳಿ ಹೊಲಿಸಿದಂತೆ ಕೂತಿತು. ಚಿಕ್ಕವನು ಮೇಷ್ಟರಾದ. ದೊಡ್ಡವನು ಅಪ್ಪನ ಪಕ್ಕದಲ್ಲಿ ಕಾಜಾ ಹೊಲಿಯಲು, ಗುಂಡಿ ಹಚ್ಚಲು ಕೂತ. ಕತ್ತರಿಸಿ ಮಿಕ್ಕ ಕಂದು ಕಾಗದದ ಮೇಲೆ ಪದ್ಯ ಬರೆದು, ಒಂದು ಸಣ್ಣ ಮಾಸಪತ್ರಿಕೆಗೆ ಕಳಿಸುತ್ತಿದ್ದ. ಪದ್ಯಗಳನ್ನು ಬೆರಳಿಟ್ಟು ಓದಿಸುತ್ತಿದ್ದ ತಮ್ಮನು ಅವುಗಳಲ್ಲಿ ಒಂದನ್ನೂ ಓದಿರಲಿಲ್ಲ. "ನಮ್ಮಣ್ಣನೂ ಏನೇನೋ ಬರೀತಾನೆ," ಎನ್ನುತ್ತಿದ್ದರು ಮೇಷ್ಟರು, ನಗುತ್ತಾ, ಪ್ರೀತಿಯಿಂದಲೇ.

ಅಣ್ಣ ಸತ್ತ ದಿನ ಆಸ್ಪತ್ರೆಯಿಂದ ದೇಹವನ್ನು ಬೆಳಗ್ಗೆಯೇ ಮನೆಗೆ ತಂದರು. ತೊಳೆದು ಬಟ್ಟೆ ತೊಡಿಸಬೇಕು. ಅತ್ತಿಗೆ ಕಪಾಟು ತೆರೆದರೆ ಇದ್ದದ್ದೆಲ್ಲ ಕಾಲರು ಹರಿದದ್ದು, ಮೊಣಕೈ ಸವೆದದ್ದು. ಬಂದವರ ಮುಂದೆ ಅದನ್ನು ತೊಡಿಸುವುದು ಹೇಗೆ? ಆಗ ಮೇಷ್ಟರು ಮಾಳಿಗೆಯ ತಮ್ಮ ಕೋಣೆಗೆ ಹೋಗಿ, ಶಾಲೆಯ ಸಮಾರಂಭಕ್ಕೆಂದು ಒಮ್ಮೆ ತೊಟ್ಟು ಇಸ್ತ್ರಿ ಮಾಡಿಸಿಟ್ಟಿದ್ದ ನೀಲಿ ಅಂಗಿಯನ್ನು ತಂದರು. ಅವರ ಬಳಿಯಿದ್ದುದರಲ್ಲಿ ಅತ್ಯುತ್ತಮವಾದದ್ದು ಅದೇ. ಅಪ್ಪ ಟೇಪು ಹಿಡಿಯಲಿಲ್ಲ. ಮಿಷನ್ನಿನ ಮುಂದೆ ಕೂತು ಪಕ್ಕೆ ಹಿಡಿದ, ತೋಳು ಗಿಡ್ಡ ಮಾಡಿದ. ಸತ್ತವನ ಮಗಳು ಗುಂಡುಸೂಜಿಯ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಬಂದವರೆಲ್ಲ, "ತಮ್ಮ ಅಂದ್ರೆ ಹೀಗಿರಬೇಕು," ಎಂದರು. ಮೇಷ್ಟರು ತಲೆ ತಗ್ಗಿಸಿ ಅದನ್ನು ಒಪ್ಪಿಕೊಂಡರು.

ಪಠ್ಯಪುಸ್ತಕದೊಂದಿಗೆ ಅವರು ಮನೆಗೆ ಬಂದಾಗ ಅತ್ತಿಗೆ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದರು. ಅಪ್ಪ ಹೊರಗೆಲ್ಲೋ ಹೋಗಿದ್ದ. ಅತ್ತಿಗೆ ಪುಸ್ತಕವನ್ನು ನೋಡಿದರು, ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಲಿಲ್ಲ.

"ಬಂತಾ? ಓದಿದ್ರಾ?"

"ನಿಮಗೆ ಗೊತ್ತಿತ್ತಾ, ಅತ್ತಿಗೆ?"

"ಬರೆದ ದಿನಾನೇ ಓದಿ ಹೇಳಿದ್ರು, ಕಾಜಾ ಹೊಲೀತಾ. 'ಥೂ, ಎಂಥ ಅಪಶಕುನ ನುಡೀತೀರಿ' ಅಂದೆ. 'ಅಪಶಕುನ ಅಲ್ಲ ಕಣೇ, ಆರ್ಡರು' ಅಂದ್ರು. ಪುಸ್ತಕಕ್ಕೆ ಹಾಕ್ತೀವಿ ಅಂತ ಕೇಳಿ ಕಾಗದ ಬಂದಾಗ, 'ನೋಡು, ಇನ್ನು ನನ್ನ ತಮ್ಮ ಸಂಬಳ ತಗೊಂಡು ಇದನ್ನ ಓದಬೇಕು' ಅಂತ ನಕ್ಕಿದ್ದೇ ನಕ್ಕಿದ್ದು. ಕೆಮ್ಮು ಬರೋ ತನಕ ನಕ್ರು."

"ಹಾಗಾದ್ರೆ ಆವತ್ತು... ಅಂಗಿ..."

ಅತ್ತಿಗೆ ಅಂಗಿಯೊಂದನ್ನು ಮಗುಚಿ ಹಾಕಿದರು. "ಆವತ್ತು ನೀವು ತಂದು ಕೊಟ್ರಿ. ಮಾವ ಮಿಷನ್ ತುಳಿಯೋಕೆ ಶುರು ಮಾಡಿದ್ರು. ಅವರು ಅತ್ತದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನೀರು ಬಟ್ಟೆ ಮೇಲೇ ಬೀಳ್ತಿತ್ತು. ಆ ಹೊತ್ತಲ್ಲಿ ಹೋಗಿ, 'ನಿಮ್ಮ ಮಗ ಇದನ್ನ ಬೇಡ ಅಂದಿದಾರೆ' ಅಂತ ಹೇಳ್ಬೇಕಿತ್ತಾ? ನೀವಾಗಿದ್ರೆ ಹೇಳ್ತಿದ್ರಾ?"

ಕಾದ ಬಟ್ಟೆಯ ವಾಸನೆ ಕೋಣೆಯನ್ನು ತುಂಬಿತ್ತು.

"ಈಗ ಒಂದು ಮಾತು ಕೇಳ್ತೀನಿ," ಎಂದರು ಅತ್ತಿಗೆ. "ಮಗಳು ದಿನಾ ಸಂಜೆ ಪಾಠ ಓದಿ ಹೇಳ್ತಾಳೆ ಮಾವಂಗೆ. ಅವರೋ, 'ನನ್ನ ಮಗನ ಪದ್ಯ ಪುಸ್ತಕದಲ್ಲಿ ಬಂದಿದೆ' ಅಂತ ಬೀದಿಗೆಲ್ಲ ಸಾರಿಕೊಂಡು ಬರ್ತಿದಾರೆ, ಈಗ ಹೋಗಿರೋದೂ ಅದಕ್ಕೇ. ಪದ್ಯ ಅವರಿಗೆ ಪೂರ್ತಿ ಹಿಡಿಯಲ್ಲ. 'ಮೇಷ್ಟ್ರು ಏನ್ ಅರ್ಥ ಹೇಳಿದ್ರು' ಅಂತಾನೇ ಅವರು ಕೇಳೋದು. ನೀವು ಅಕ್ಕರೆ ಅಂದ್ರೆ ಅವರಿಗೂ ಅದು ಅಕ್ಕರೆನೇ. ಕೈಪಿಡಿಯಲ್ಲೂ ಹಾಗೇ ಬರೆದಿದೆ ಅಂತ ಹೆಡ್‌ಮಾಸ್ತರು ಮಗಳಿಗೆ ಹೇಳಿದ್ರಂತಲ್ಲ, ಹಾಗೇ ಹೇಳಿಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಪದ್ಯ ಸಾಯತ್ತೆ, ಅತ್ತಿಗೆ."

"ಬರೆದೋರೇ ಸತ್ತಿದಾರೆ," ಎಂದರು ಅತ್ತಿಗೆ. ಧ್ವನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. "ಮುದುಕರೊಬ್ಬರು ಉಳಿದಿದಾರೆ. ಅವರನ್ನ ನೋಡಿ."

ಪದ್ಯ ಪಾಠವಾಗುವ ದಿನ ಬಂದಿತು. ಅಣ್ಣನ ಮಗಳು ಅದೇ ತರಗತಿಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ಚಿಕ್ಕಪ್ಪ, ಶಾಲೆಯಲ್ಲಿ ಸರ್. ಈ ಗೆರೆಯನ್ನು ಅವಳು ಒಮ್ಮೆಯೂ ದಾಟಿರಲಿಲ್ಲ.

ಮೇಷ್ಟರು ಪದ್ಯವನ್ನು ಒಂದು ಸಲ ಓದಿದರು. ಆಮೇಲೆ, ಅವರ ವಿದ್ಯಾರ್ಥಿಗಳು ಹಿಂದೆಂದೂ ಕಾಣದಿದ್ದ ರೀತಿಯಲ್ಲಿ, ಕೈಪಿಡಿಯನ್ನು ತೆರೆದು ಅದರಲ್ಲಿದ್ದುದನ್ನು ಓದತೊಡಗಿದರು. ಮುದುಕನೊಬ್ಬನನ್ನು ಉಳಿಸಲು ಒಂದು ಸುಳ್ಳು ಸಾಕಾಗುವುದಾದರೆ ಅದು ಹೇಳತಕ್ಕ ಸುಳ್ಳೇ ಎಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು. ಎಲ್ಲ ಸುಳ್ಳುಗಳೂ ಹೀಗೆಯೇ, ಯಾರನ್ನೋ ಉಳಿಸುವ ನೆಪದಲ್ಲಿ, ತಲೆ ತಗ್ಗಿಸಿ ಒಳಗೆ ಬರುತ್ತವೆ.

"ತಮ್ಮನಿಗಾಗಿ ಅಣ್ಣನು ಬಾಗಿಲಲ್ಲೇ ನಿಂತು ಪ್ರಾರ್ಥಿಸುವ ದೃಶ್ಯವು..."

ಕಿಟಕಿಯ ಪಕ್ಕದಲ್ಲಿ ಅಣ್ಣನ ಮಗಳು ಎದ್ದು ನಿಂತಳು.

"ಎಲ್ಲಿದೆ ಸರ್?"

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟರಿಗೆ ಮೇಷ್ಟರದೇ ಮದ್ದು. ಮೇಷ್ಟರೂ ನಗಬೇಕಾಗಿತ್ತು, ತುಟಿಗಳು ಹಾಗೆ ಮಾಡಿದವು.

"ಮೂರನೆಯ ನುಡಿ. 'ನಾನೂ ಬೇಡಿದೆ' ಎಂದಿದೆ."

"ಏನು ಬೇಡಿದ ಅಂತ ಇಲ್ಲ ಸರ್. 'ಏನೆಂದು ಯಾರೂ ಕೇಳಲಿಲ್ಲ' ಅಂತಿದೆ. ಅದರ ಮುಂದಿನ ಸಾಲೇ ಅಂಗಿಯದು. ತಮ್ಮ ಹುಷಾರಾದ ತಕ್ಷಣ 'ಅಂಗಿ ಹಳೆಯದಾಯಿತು' ಅಂತಾನೆ. ಸಂತೋಷ ಪಟ್ಟ ಅಂತ ಎಲ್ಲೂ ಇಲ್ಲ." ಅವಳು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಮಾತಾಡುತ್ತಿದ್ದಳು, ಅವರು ಕಲಿಸಿದ ಹಾಗೆ.

ಅಷ್ಟರಲ್ಲಿ ಕೊನೆಯ ಬೆಂಚಿನ ಉದ್ದನೆಯ ಹುಡುಗ ದೊಡ್ಡದೇನನ್ನೋ ಕಂಡುಹಿಡಿದವನಂತೆ ಕೂಗಿದ: "ಸರ್! ಸರ್! ಇದು ನಿಮ್ಮ ಜ್ವರದ ಕಥೆ ಅಲ್ವಾ ಸರ್? ಬಾಗಿಲಲ್ಲಿ ಅಣ್ಣ ನಿಂತಿದ್ದ ಅಂತ ಹೇಳ್ತೀರಲ್ಲ!"

"ಹೌದಲ್ಲ!" ಎಂದಳು ಮುಂದಿನ ಬೆಂಚಿನವಳು. "ಬರೆದೋರು ಸರ್ ಅವರ ಅಣ್ಣಾನೇ ಕಣ್ರೋ."

"ಹಾಗಾದ್ರೆ ತಮ್ಮ ಅಂದ್ರೆ..."

ನಗೆ ತಾನಾಗಿ ನಿಂತಿತು. ಉದ್ದನೆಯವನು ಮೆಲ್ಲಗೆ ಕೂತ. ಹೊರಗೆ ಆಟದ ಬಯಲಲ್ಲಿ ಯಾರೋ ಸೀಟಿ ಊದುತ್ತಿದ್ದರು.

ಮೇಷ್ಟರು ಕೈಪಿಡಿಯನ್ನು ಮುಚ್ಚಿ ಮೇಜಿನ ಅಂಚಿನಲ್ಲಿಟ್ಟರು. ಬಾಗಿಲಲ್ಲಿ ನಿಂತಿದ್ದ ಆ ತೆಳ್ಳನೆಯ ಹುಡುಗನನ್ನು ಅವರು ಎಷ್ಟೋ ವರ್ಷಗಳಿಂದ ಪ್ರತಿ ತರಗತಿಯ ಮುಂದೆಯೂ ನಿಲ್ಲಿಸಿ, ಅವನ ತಲೆ ಸವರಿ, ಕಳಿಸಿಕೊಟ್ಟಿದ್ದರು. ಏನು ಬೇಡುತ್ತಿದ್ದೀಯೆಂದು ಕೇಳಿರಲಿಲ್ಲ. ಬೇರೆಯವರ ಪದ್ಯಗಳಿಗೆಲ್ಲ ಕೇಳಿದ ಪ್ರಶ್ನೆಯನ್ನು ತಮ್ಮ ಕಥೆಗೆ ಒಮ್ಮೆಯೂ ಕೇಳಿರಲಿಲ್ಲ.

"ಕೂರಮ್ಮ," ಎಂದರು. "ನೀನು ಹೇಳಿದ್ದು ಸರಿ. ಪದ್ಯದಲ್ಲಿ ಹಾಗಿಲ್ಲ. ಎಲ್ಲರೂ ಬರೆದುಕೊಳ್ಳಿ."

ಅವರು ಉಕ್ತಲೇಖನ ಕೊಡುವ ಧ್ವನಿಯಲ್ಲಿ, ಪೂರ್ಣವಿರಾಮಗಳನ್ನೂ ಹೇಳುತ್ತ, ಅರ್ಥವನ್ನು ಬರೆಸಿದರು. "ಈ ಪದ್ಯದಲ್ಲಿ ಅಣ್ಣನು ತಮ್ಮನನ್ನು ದ್ವೇಷಿಸುತ್ತಾನೆ. ತಮ್ಮನು ಅವನಿಗೆ ತಿಳಿದು ಯಾವ ಕೇಡನ್ನೂ ಮಾಡಿಲ್ಲ. ಆದರೂ ತಮ್ಮನು ಮುಟ್ಟದ ಒಂದೂ ವಸ್ತು ಅಣ್ಣನ ಪಾಲಿಗೆ ಬಂದಿಲ್ಲ. ತಮ್ಮನಿಗೆ ಜ್ವರ ಬಂದಾಗ, ಅಂಗಿ ಹೊಸದಿರುವಾಗಲೇ ತನಗೆ ಸಿಗಲೆಂದು, ಅಣ್ಣನು ತಮ್ಮನ ಸಾವನ್ನು ಬೇಡಿದನು."

ಲೇಖನಿಗಳು ಸದ್ದು ಮಾಡುತ್ತ ಬರೆದವು.

"ಸರ್, 'ಬೇಡಿದನು' ಅಂಡರ್‌ಲೈನ್ ಮಾಡ್ಬೇಕಾ?"

"ಮಾಡು."

"ನಮ್ಮಕ್ಕನೂ ಹಿಂಗೇ ಸರ್," ಎಂದ ಒಬ್ಬ, ವಾತಾವರಣ ತಿಳಿಯಾಗಲೆಂದು. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೇನೇ ಇದೆಯಲ್ಲ." ಯಾರೂ ನಗಲಿಲ್ಲ.

ಅಣ್ಣನ ಮಗಳು ಮತ್ತೆ ಎದ್ದು ನಿಂತಳು. "ಕೊನೇ ನುಡಿಯಲ್ಲಿ ಕೇಳಿದ್ದು ಅವನಿಗೆ ಸಿಕ್ತಾ, ಸರ್?"

ಗುಂಡುಸೂಜಿಯ ಡಬ್ಬಿ ಹಿಡಿದು ನಿಂತಿದ್ದವಳು ಅವಳೇ. ತೊಡಿಸಿದ್ದು ಯಾರ ಅಂಗಿಯೆಂದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂಬುದು ಅವರಿಗೂ ಗೊತ್ತಿತ್ತು.

"ಅದು ಪದ್ಯದಲ್ಲಿ ಇಲ್ಲ," ಎಂದರು ಮೇಷ್ಟರು.

ನಿಯಮದ ಪ್ರಕಾರ ಉತ್ತರ ಸರಿಯಾಗಿತ್ತು. ದೀಪವೆಂದು ಹಿಡಿದು ನಡೆದ ನಿಯಮವನ್ನೇ ಮನುಷ್ಯ ಒಂದು ದಿನ ಪರದೆಯಾಗಿ ಎಳೆದುಕೊಳ್ಳಬಲ್ಲ. ಬಟ್ಟೆ ಅದೇ, ಹಿಡಿಯುವ ರೀತಿ ಬೇರೆ. ಹುಡುಗಿ ಅವರನ್ನು ಒಂದು ಗಳಿಗೆ ನೋಡಿ, "ಸರಿ ಸರ್," ಎಂದು ಕೂತಳು. ಗಂಟೆ ಹೊಡೆಯಿತು.

ಸಂಜೆ ಮೇಷ್ಟರು ಬೇಕೆಂದೇ ತಡಮಾಡಿ ಮನೆಗೆ ಬಂದರು. ಆದರೂ ಪಾಠ ಅವರಿಗಾಗಿ ಕಾಯುತ್ತಿತ್ತು. ಅಪ್ಪ ಮಿಷನ್ನಿನ ಮುಂದೆ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ. ಕಣ್ಣು ಮಂಜಾಗಿದ್ದರೂ ಬೆರಳುಗಳು ದಾರಿ ತಪ್ಪುತ್ತಿರಲಿಲ್ಲ. ಮೊಮ್ಮಗಳು ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಅತ್ತಿಗೆ ಇಸ್ತ್ರಿ ಮೇಜಿನ ಬಳಿ ನಿಂತಿದ್ದರು.

"ಬಾರೋ, ಬಾ," ಎಂದ ಅಪ್ಪ. "ನೀನು ಬರಲಿ ಅಂತಾನೇ ಇವಳು ಸತಾಯಿಸ್ತಾ ಇದಾಳೆ. ಬೀದಿಗೆಲ್ಲ ಹೇಳಿದೀನಿ, ಪದ್ಯದಲ್ಲಿ ಏನಿದೆ ಅಂತ ಕೇಳಿದ್ರೆ ನಾನು ಬಾಯಿ ಬಿಡೋ ಹಾಗಾಗಿದೆ. ಓದಮ್ಮಾ, ನಿಮ್ಮಪ್ಪನ ಪಾಠ."

ಅವಳು ಓದಿದಳು. 'ತೋಳು ಗಿಡ್ಡ ಮಾಡಿದರು' ಎಂಬಲ್ಲಿ ಅಪ್ಪ, "ಹ್ಞಾಂ, ಇದು ನಮ್ಮ ಅಂಗಡಿದೇ," ಎಂದು ನಕ್ಕ. ಹಸಿರು ಅಂಗಿ ಬಂದಾಗ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ. ಕೊನೆಯ ನುಡಿಯನ್ನು ಹುಡುಗಿ ಬಿಡಲೂ ಇಲ್ಲ, ಎಳೆಯಲೂ ಇಲ್ಲ, ಇದ್ದಂತೆ ಓದಿದಳು.



"ಮೇಷ್ಟ್ರು ಏನ್ ಹೇಳಿದ್ರು ಅರ್ಥ?" ಎಂದ ಅಪ್ಪ.

"ಮೇಷ್ಟ್ರು ಇಲ್ಲೇ ಇದಾರಲ್ಲ, ತಾತ."

ಅತ್ತಿಗೆ ಮೇಷ್ಟರನ್ನು ನೋಡಿದರು. ಒಂದು ಪದ ಸಾಕಿತ್ತು. 'ಅಕ್ಕರೆ' ಎಂದಿದ್ದರೆ ಮುದುಕ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡು, ಮರುದಿನ ಬೀದಿಯ ತುಂಬ ಹಂಚಿ ಬರುತ್ತಿದ್ದ. ಮೇಷ್ಟರು ಬಾಯಿ ತೆರೆದರು. ಮೊಮ್ಮಗಳ ಬೆರಳು ಇನ್ನೂ ಕೊನೆಯ ಸಾಲಿನ ಮೇಲೆಯೇ ಇತ್ತು.

"ಅಣ್ಣನಿಗೆ ನನ್ನ ಕಂಡರೆ ಆಗ್ತಿರಲಿಲ್ಲ, ಅಪ್ಪ," ಎಂದರು. "ನನ್ನ ಅಂಗಿ ತೊಟ್ಟು ತೊಟ್ಟು. ನನಗೆ ಜ್ವರ ಬಂದಾಗ ನಾನು ಸಾಯಲಿ ಅಂತ ಬಾಗಿಲಲ್ಲಿ ನಿಂತಿದ್ದ. ಸತ್ತ ಮೇಲಾದರೂ ಒಂದು ಹೊಸ ಅಂಗಿ ಹೊಲಿದು ಹಾಕಿ, ತಮ್ಮನದು ಬೇಡ ಅಂತ ಕೇಳಿದಾನೆ. ಅದೇ ಅರ್ಥ. ಬೇರೆ ಇಲ್ಲ."

ಅಪ್ಪ ಮೂಗಿನ ಮೇಲಿನ ಕನ್ನಡಕವನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ.

"ಆ ಹಸಿರು ಬಟ್ಟೆ ಆರಿಸಿದ್ದು ಅವನೇ," ಎಂದ. "ಥಾನು ತರೋಕೆ ಹೋದಾಗ ಅವನನ್ನೇ ಕರ್ಕೊಂಡು ಹೋಗಿದ್ದೆ. ಯಾವುದು ಬೇಕೋ ಆರಿಸು ಅಂದೆ. ಆರಿಸಿದ. ತಂದು ನಿನಗೆ ಹೊಲಿದೆ."

ಮಡಿಸಿದ ಪ್ಯಾಂಟಿನ ಅಂಚನ್ನು ಅವನು ಉಗುರಿನಿಂದ ಒತ್ತಿದ.

"ಅವನು ಹೋದ ದಿನಾನೂ ಅಂಗಡಿಯಲ್ಲಿ ಬಿಳೀ ಥಾನು ಇತ್ತು. ಕೈ ಚಾಚಿದ್ರೆ ಸಿಗ್ತಿತ್ತು. ಕೈ ಅತ್ತ ಹೋಗಲೇ ಇಲ್ಲ. ನಿನ್ನ ಅಂಗಿ ಕೈಗೆ ಬಂದ್ರೆ ಏನ್ ಮಾಡ್ಬೇಕು ಅಂತ ಈ ಕೈಗೆ ಅಭ್ಯಾಸ ಆಗೋಗಿದೆ." ಅವನು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. "ಕೊಟ್ಟೋನು ನೀನು. ಹೊಲಿದೋನು ನಾನು. ಗೊತ್ತಿದ್ದೂ ಸುಮ್ಮನಿದ್ದೋಳು ಅವನ ಹೆಂಡತಿ. ಮೂರು ಜನಾನೂ ಪ್ರೀತಿಯಿಂದಾನೇ ಮಾಡಿದ್ವಿ ನೋಡು."

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಳಗೆ ಹೋದರು. ಅಪ್ಪ ಪ್ಯಾಂಟಿನ ಅಂಚನ್ನು ಮುಗಿಸಿದ. ನೂಲು ಕಚ್ಚಿ ತುಂಡರಿಸಿದ. ಮೇಷ್ಟರು ಮಾಳಿಗೆಗೆ ಹೋಗಿ ಮಂಚದ ಮೇಲೆ ಕೂತರು. ಈಗಲಾದರೂ ಒಳಗಿನ ಜೋಮು ಬಿಟ್ಟೀತೆಂದು ಕಾದರು. ಕೆಳಗೆ ಕತ್ತರಿ ಬಟ್ಟೆಯ ಮೇಲೆ ಉದ್ದಕ್ಕೆ ಸಾಗುವ ಸದ್ದು ಕೇಳಿಸಿತು.

ಹೆಡ್‌ಮಾಸ್ತರ ಕಿವಿಗೆ ವಿಷಯ ಬೀಳಲು ಹೊತ್ತಾಗಲಿಲ್ಲ. "ಏನ್ರೀ ಇದು, ಸ್ವಂತ ಅಣ್ಣನ ಮಾನ ನೀವೇ ಕಳೆಯೋದಾ? ಹುಡುಗರ ಅಂಕದ ಗತಿ ಏನು?" ಎಂದು ಕೂಗಾಡಿದರು. ಮೇಷ್ಟರು ಪಠ್ಯಪುಸ್ತಕವನ್ನು ಅವರ ಮುಂದೆ ತೆರೆದಿಟ್ಟು, "ಅಕ್ಕರೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ, ಹಾಗೇ ಬರೆಸ್ತೀನಿ," ಎಂದರು. ಹೆಡ್‌ಮಾಸ್ತರು ಪುಟವನ್ನು ನೋಡಿ, ಕಿಟಕಿಯನ್ನು ನೋಡಿ, "ನಿಮ್ಮ ಹಣೆಬರಹ," ಎಂದು ಹೊರಟುಹೋದರು.

ಬಿಳಿಯ ಅಂಗಿ ಸಿದ್ಧವಾಗಲು ಹಲವು ದಿನ ಹಿಡಿಯಿತು. ಕಾಜಾ ಹೊಲಿಯುತ್ತಿದ್ದವನು ಇರಲಿಲ್ಲವಾದ್ದರಿಂದ ಆ ಕೆಲಸವನ್ನೂ ಅಪ್ಪನೇ, ಕಣ್ಣಿಗೆ ಹತ್ತಿರ ಹಿಡಿದು, ಮಾಡಬೇಕಾಯಿತು. ಸಣ್ಣ ಹೆಗಲು, ಗಿಡ್ಡ ತೋಳು. ಮನೆಯಲ್ಲಿ ಅದು ಯಾರ ಮೈಗೂ ಆಗುವಂತಿರಲಿಲ್ಲ. ಅತ್ತಿಗೆ ಅದಕ್ಕೆ ಇಸ್ತ್ರಿ ಹಾಕಿದರು. ಅಪ್ಪ ಅದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ.

ಒಂದು ಬೆಳಗ್ಗೆ ಮೇಷ್ಟರು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿರುವಾಗ ಗಿರಾಕಿಯೊಬ್ಬಳು ಅಂಗಡಿಯಲ್ಲಿದ್ದಳು.

"ಅಯ್ಯೋ, ಎಷ್ಟು ಚೆನ್ನಾಗಿದೆ! ಯಾರದಿದು? ಒಯ್ಯದೆ ಬಿಟ್ಟಿದ್ರೆ ನನಗೆ ಕೊಡಿ, ನನ್ನ ಮಗನಿಗೆ ಸರಿಯಾಗಿ ಆಗತ್ತೆ."

"ಕೊಡೋಕಾಗಲ್ಲ ತಾಯಿ," ಎಂದ ಅಪ್ಪ. "ಅದು ಆರ್ಡರಿಂದು."

ಒಳಬಾಗಿಲಲ್ಲಿ ಅತ್ತಿಗೆ ನಿಂತರು.

"ಗಿರಾಕಿ ಬಂದಿಲ್ವಾ ಮತ್ತೆ?"

"ಅವನು ಹೇಳಿದ ಹೊತ್ತಿಗೇ ಬಂದಿದ್ದ," ಎಂದ ಅಪ್ಪ ಸೂಜಿಗೆ ದಾರ ಪೋಣಿಸುತ್ತ. "ತಡ ಮಾಡಿದ್ದು ನಾವು."

ಮೇಷ್ಟರು ಬಾಗಿಲನ್ನು ಎಳೆದುಕೊಂಡರು. ಹಿಂದಿನ ಮೊಳೆಯಲ್ಲಿ ಬಿಳಿಯ ತೋಳೊಂದು ಅಲುಗಿ ನಿಂತಿತು. ಅವರು ಬೀದಿಗಿಳಿದು, ಅಂದಿನ ಪಾಠ ಯಾವುದೆಂದು ನೆನಪು ಮಾಡಿಕೊಳ್ಳುತ್ತ ಶಾಲೆಯ ಕಡೆಗೆ ನಡೆದರು.